ಎರಡು ತಂತಿ, ಒಂದು ಕಂಬಳಿ

ಮಳೆಗಾಲದಲ್ಲಿ ಮಂಗಳೂರಿನಲ್ಲಿ ಲಂಗೋಟಿಯೂ ನೆಟ್ಟಗೆ ಒಣಗುವುದಿಲ್ಲ, ಇನ್ನು ದಪ್ಪ ಕಂಬಳಿಯ ಮಾತು ಕೇಳಬೇಡಿ. ನಿನ್ನೆ ಅಂಗಡಿಯ ಅಟ್ಟದಿಂದ ಹಳೆಯ ಕಂಪ್ರೆಸರ್ ಇಳಿಸಲು ಹೋದೆ. ಅದರ ಚೂಪು ಮೂಲೆಗೆ ಸಿಕ್ಕಿ ಪಕ್ಕದ ಪ್ಲಾಸ್ಟಿಕ್ ಚೀಲ ಹರಿಯಿತು, ಒಳಗಿದ್ದ ಕಂಬಳಿಯ ವಾಸನೆ ಮೂಗಿಗೆ ಬಡಿಯಿತು. ಮುಗ್ಗಲು, ನುಸಿಗುಳಿಗೆ, ಅದರಡಿಯಲ್ಲಿ ಇನ್ನೂ ಒಂದು ಚೂರು ಗುಲಾಬಿ ಸೆಂಟು. ಏಣಿಯ ಮೇಲೆಯೇ ನಿಂತುಬಿಟ್ಟೆ.

"ಎಂತ ಬಿತ್ತು?" ಕೆಳಗಿನಿಂದ ನಮ್ಮವರು ಕೇಳಿದರು.

"ಎಂತ ಇಲ್ಲ," ಅಂದೆ. ಹರಿದ ಚೀಲದ ಮೇಲೆ ಇನ್ನೊಂದು ಚೀಲ ಸುತ್ತಿ ಅಲ್ಲೇ ಹಿಂದಕ್ಕೆ ತಳ್ಳಿದೆ. ಅದನ್ನು ಬಿಸಾಡಲು ನನಗೆ ಕೈ ಬರುವುದಿಲ್ಲ. ಉಪಯೋಗಿಸುವುದಂತೂ ಸಾಧ್ಯವೇ ಇಲ್ಲ.

ನಮ್ಮದು ಕುದ್ರೋಳಿಯಲ್ಲಿ ಫ್ರಿಜ್ ರಿಪೇರಿ ಅಂಗಡಿ. ನಮ್ಮವರು, ಅಂದರೆ ನನ್ನ ಗಂಡ ಮೋಹನ, ಮತ್ತು ನಾನು ಒಂದೇ ಐಟಿಐಯಲ್ಲಿ ಕಲಿತವರು. ಅವರದ್ದು ಫ್ರಿಜ್, ಏಸಿಯ ಕೆಲಸ, ನನ್ನದು ಎಲೆಕ್ಟ್ರಾನಿಕ್ಸ್. ರಿಪೇರಿಯ ಜೊತೆಗೆ ಒಂದು ಫ್ರೀಜರ್ ಪೆಟ್ಟಿಗೆಯನ್ನೂ ಬಾಡಿಗೆಗೆ ಕೊಡುತ್ತೇವೆ. ಶವ ಇಡುವ ಪೆಟ್ಟಿಗೆ, ಮೇಲೆ ಗಾಜಿನ ಮುಚ್ಚಳ. ಈ ಊರಿನಲ್ಲಿ ಮನೆಗೊಬ್ಬರು ಗಲ್ಫಿನಲ್ಲಿದ್ದಾರೆ. ಹೋದವರು ಹೋಗಿಯಾಯಿತು, ಬರುವವರಿಗೆ ರಜೆ ಸಿಗಬೇಕು, ಟಿಕೆಟ್ ಸಿಗಬೇಕು, ಬಜಪೆಯ ಗುಡ್ಡದ ಮೇಲೆ ವಿಮಾನ ಇಳಿಯಲು ಮೋಡ ಬಿಡಬೇಕು. ಅಷ್ಟು ಹೊತ್ತು ಹೋದವರು ನಮ್ಮ ಪೆಟ್ಟಿಗೆಯಲ್ಲಿ ಕಾಯುತ್ತಾರೆ.

ಆ ಕಂಬಳಿ ನಮ್ಮ ಕೈಗೆ ಬಂದ ವರ್ಷ, ಮಳೆ ಹಿಡಿದ ಹೊಸತರಲ್ಲೇ ನಮ್ಮವರು ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡರು. ಪೆಟ್ಟಿಗೆಯ ಹಿಂದೆ ಹೋಗುವ ಕೆಲಸ ನನ್ನ ಪಾಲಿಗೆ ಬಂತು. ವ್ಯಾನು ಓಡಿಸಲು ಹಮೀದ್ ಇದ್ದ. ಇಲ್ಲೇ ಹಿಂದಿನ ಓಣಿಯವನು, ನನ್ನನ್ನು ಅಕ್ಕ ಎನ್ನುತ್ತಾನೆ. ಹೆಂಗಸು ಹೆಣದ ಪೆಟ್ಟಿಗೆ ಹೊತ್ತುಕೊಂಡು ಊರು ಸುತ್ತುವುದೆಂದರೇನು ಎಂದು ಓಣಿಯಲ್ಲಿ ಮಾತಾಯಿತು. ಆಡುವವರ ಬಾಯಿಗೆ ಬೀಗ ಹಾಕಲಿಕ್ಕಾಗುತ್ತದೆಯೇ? ಅತ್ತೆ ಮಾತ್ರ ಏನೂ ಅನ್ನಲಿಲ್ಲ. ನಾನು ಬರುವ ಹೊತ್ತಿಗೆ ಹಿತ್ತಲ ಬಚ್ಚಲಿನಲ್ಲಿ ಬಿಸಿನೀರು ಕಾಯಿಸಿಟ್ಟು, ತಲೆಗೆ ಸ್ನಾನ ಮಾಡದೆ ಒಳಗೆ ಕಾಲಿಡಬೇಡ ಅನ್ನುತ್ತಿದ್ದರು. ಆ ಮಳೆಯಲ್ಲಿ ನನ್ನ ಕೂದಲು ಒಣಗಿದ ದಿನವೇ ನೆನಪಿಲ್ಲ.

ಪೆಟ್ಟಿಗೆಯ ಹೊರಮೈಯಲ್ಲಿ ಕೆಂಪು ಅಂಕಿ ತೋರಿಸುವ ಡಿಸ್‌ಪ್ಲೇ ಉಂಟು. ಅದು ಸುಳ್ಳು ಹೇಳುವುದಿಲ್ಲ, ಪೂರ್ತಿ ಸತ್ಯವನ್ನೂ ಹೇಳುವುದಿಲ್ಲ. ಅದರ ಸೆನ್ಸರ್ ಇರುವುದು ತಣ್ಣನೆಯ ಕೊಳವೆಗಳ ಪಕ್ಕದಲ್ಲಿ. ಅಲ್ಲಿನ ಗಾಳಿ ಮೂರು ಡಿಗ್ರಿಗೆ ಇಳಿದರೆ ಒಳಗೆ ಮಲಗಿದವರೂ ಮೂರಕ್ಕೆ ಇಳಿದರು ಎಂದು ಮನೆಯವರು ತಿಳಿಯುತ್ತಾರೆ. ಹಾಗಾಗುವುದಿಲ್ಲ. ಮನುಷ್ಯನ ಮೈ ತನ್ನ ಬಿಸಿಯನ್ನು ಅಷ್ಟು ಸುಲಭದಲ್ಲಿ ಬಿಟ್ಟುಕೊಡುವುದಿಲ್ಲ. ಅದಕ್ಕೆ ನಾನು ಥರ್ಮೋಕಪಲ್ ತಂತಿಗಳನ್ನು ತರಿಸಿದೆ. ಬೇರೆ ಬೇರೆ ಲೋಹದ ಎರಡು ಎಳೆ, ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಬೆಸುಗೆ, ಮೇಲೆ ನೂಲಿನಂಥ ಹೊದಿಕೆ, ಕೊನೆಗೊಂದು ಹಳದಿ ಪ್ಲಗ್ಗು. ಬೆಸುಗೆಯ ತುದಿಗೂ ಮೀಟರಿಗೂ ನಡುವೆ ಬಿಸಿಯ ವ್ಯತ್ಯಾಸ ಇದ್ದರೆ ತಂತಿಯಲ್ಲಿ ಚೂರೇ ಚೂರು ವಿದ್ಯುತ್ತು ಹುಟ್ಟುತ್ತದೆ, ಮೀಟರು ಅದನ್ನು ಡಿಗ್ರಿಯಾಗಿ ಓದುತ್ತದೆ. ಅಷ್ಟೇ ವಿದ್ಯೆ. ಒಂದು ಮೀನೂಟದ ದುಡ್ಡಿಗೆ ಎರಡು ತಂತಿ ಬರುತ್ತವೆ.

ಅಗ್ಗದ ಮಾಲು, ಅದರ ಬುದ್ಧಿಯೂ ಹಾಗೆಯೇ. ಹಮೀದ್ ಮೀನಿನ ಬೋಟು ನಿಲ್ಲುವ ದಕ್ಕೆಯಿಂದ ತಂದ ಐಸನ್ನು ಕುಟ್ಟಿ ಪುಡಿ ಮಾಡಿ, ಲೋಟದಲ್ಲಿ ನೀರಿಗೆ ಕಲಸಿ, ಎರಡೂ ತುದಿಗಳನ್ನು ಮುಳುಗಿಸಿ ನೋಡಿದೆ. ಸೊನ್ನೆ ತೋರಿಸಬೇಕಾದಲ್ಲಿ ಒಂದು ಸರಿಯಾಗಿ ಸೊನ್ನೆ ತೋರಿಸಿತು, ಇನ್ನೊಂದು ಎರಡು ತೋರಿಸಿತು. ನನಗೆ ಸಿಟ್ಟು ಬಂತು. ನಮ್ಮವರು ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು ನಕ್ಕರು.

"ಬಯ್ಬೇಡ ಮಾರಾಯ್ತಿ. ಎಷ್ಟು ತಪ್ಪು ಹೇಳ್ತದೆ ಅಂತ ಗೊತ್ತಾಯ್ತಲ್ಲ, ಅಷ್ಟು ಕಳೆದ್ರಾಯ್ತು. ಮನುಷ್ಯರದ್ದು ಹಾಗೆ ಕಳೀಲಿಕ್ಕೆ ಆಗ್ತದಾ?"

ತಪ್ಪು ಹೇಳುವ ತಂತಿಯ ಪ್ಲಗ್ಗಿಗೆ ಕೆಂಪು ನೇಲ್‌ಪಾಲಿಶ್ ಹಚ್ಚಿ ಗುರುತು ಮಾಡಿಕೊಂಡೆ. ಅಂದಿನಿಂದ ಪೆಟ್ಟಿಗೆ ಹೋದಲ್ಲೆಲ್ಲ ಎರಡೂ ತಂತಿಗಳು ಹೋದವು. ಕೆಂಪಿನದ್ದನ್ನು ಗಾಳಿಯಲ್ಲಿ ತೂಗುಬಿಡುವುದು, ಒಳ್ಳೆಯದನ್ನು ಮಲಗಿದವರ ಬೆನ್ನಿನಡಿಗೆ ಸೇರಿಸುವುದು. ದೇರೆಬೈಲಿನ ಒಂದು ಭಟ್ಟರ ಮನೆಯಲ್ಲಿ ಬಂದ ನೆಂಟರೆಲ್ಲ ಮುಚ್ಚಳ ತೆಗೆಸಿ ಮುಖ ಸವರುತ್ತಿದ್ದರು. ಪ್ರತಿ ಸಲವೂ ಮೀಟರು ಏರುವುದನ್ನು ನಾನು ಹಿರಿಯ ಮಗನಿಗೆ ತೋರಿಸಿದೆ. ಅವರು ಅಂಕಿಗಳನ್ನು ನೋಡಿ, ಪೆಟ್ಟಿಗೆಯ ಪಕ್ಕ ಕುರ್ಚಿ ಹಾಕಿ ಕುಳಿತು ಮತ್ತೆ ಯಾರಿಗೂ ತೆಗೆಯಲು ಬಿಡಲಿಲ್ಲ. ಅಂಕಿ ತೋರಿಸಿದರೆ ಜನ ಕೇಳುತ್ತಾರೆ ಎಂದು ಆ ದಿನ ನನಗೆ ಧೈರ್ಯ ಬಂದಿತ್ತು.

ಊರಿನ ಇನ್ನೊಂದು ತುದಿಯ ಜೆಪ್ಪುವಿನಿಂದ ಫೋನು ಬಂದದ್ದು ಆಟಿ ತಿಂಗಳಲ್ಲಿ, ಆಷಾಢದ ಜಡಿಮಳೆಯ ಹೊತ್ತಿನಲ್ಲಿ. ರೈಮಂಡ್ ಮಾಸ್ಟ್ರು ತೀರಿಕೊಂಡಿದ್ದರು. ಶಾಲೆಯಲ್ಲಿ ಕನ್ನಡ ಕಲಿಸಿದವರು, ಹಮೀದನಿಗೂ ಅವರೇ ಮಾಸ್ಟ್ರು. ಸಕ್ಕರೆ ಕಾಯಿಲೆ, ಕಾಲಿನ ಹುಣ್ಣು ನಂಜಾಗಿ, ವಾರವಿಡೀ ಜ್ವರದಲ್ಲಿ ನಡುಗಿ ನಡುಗಿ ಜೀವ ಬಿಟ್ಟಿದ್ದರು. ನಾವು ಹೋದಾಗ ಮಧ್ಯಾಹ್ನ. ಅವರ ಬೆನ್ನಿನಡಿಗೆ ಕೈ ಹಾಕಿದರೆ ಇನ್ನೂ ಬಿಸಿ ಇತ್ತು. ಜ್ವರದಲ್ಲಿ ಹೋದವರು, ನಂಜು ಏರಿದವರು, ಬೇಗ ಕೆಡುತ್ತಾರೆ. ಅದು ಈ ಕೆಲಸದಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ.

ಅವರ ಹೆಂಡತಿ ಸಿಸಿಲಿ ಬಾಯಿ ಸಣ್ಣ ಆಳು. ಕ್ರಿಸ್ತುವರ ಹೆಂಗಸರನ್ನು ನಮ್ಮಲ್ಲಿ ಮರ್ಯಾದೆಗೆ ಬಾಯಿ ಎಂದೇ ಕರೆಯುವುದು. ಪೆಟ್ಟಿಗೆಯ ಗಾಜನ್ನು ಸೆರಗಿನಿಂದ ಒರೆಸುತ್ತಲೇ ಕೇಳಿದರು. "ಜೆಸಿಂತಾ ಕುವೈಟಿಂದ ಬರುವವರೆಗೆ ಮುಖ ಸರಿ ಇರ್ತದಲ್ಲ? ಒಬ್ಬಳೇ ಮಗಳು. ಮೂರು ವರ್ಷ ಆಯ್ತು ಅಪ್ಪನನ್ನು ನೋಡದೆ. ಮುಖ ಒಂದು ನೋಡ್ಲಿ, ಮತ್ತೆ ಎಂತ ಬೇಕಾದ್ರೂ ಆಗ್ಲಿ."

"ಇರ್ತದೆ ಬಾಯಿ. ಮುಚ್ಚಳ ತೆಗೀಬೇಡಿ, ಈ ತಂತಿ ಎಳೀಬೇಡಿ, ಅಷ್ಟು ಮಾಡಿ ಸಾಕು," ಅಂದೆ.

ಮಾಸ್ಟ್ರ ತಮ್ಮ ಆಲ್ಬರ್ಟ್ ಪೊರ್ಬು ಮೀಟರನ್ನು ತಿರುವಿ ಮುರುವಿ ನೋಡಿದರು. ಮಸ್ಕತ್ತಿನಲ್ಲಿ ಸ್ಟೋರ್ ನೋಡಿಕೊಂಡು ಬಂದವರು, ಎಲ್ಲದಕ್ಕೂ ಅಭಿಪ್ರಾಯ ಇರುವ ಮನುಷ್ಯ. "ಇದು ಆನ್‌ಲೈನ್ ಮಾಲಲ್ವಾ? ಇದಕ್ಕೆಲ್ಲ ಗ್ಯಾರಂಟಿ ಉಂಟಾ?"

"ಗ್ಯಾರಂಟಿ ಇಲ್ಲ. ಆದ್ರೆ ನಂಬರ್ ಸರಿ ಹೇಳ್ತದೆ. ನಾಳೆ ಬೆಳಿಗ್ಗೆ ಎರಡೂ ನಂಬರು ನನಗೆ ಫೋನಲ್ಲಿ ಹೇಳಿ," ಅಂದೆ. ಸಂಜೆ ಹೊರಡುವಾಗ ಬೆನ್ನಿನ ತಂತಿ ಮೂವತ್ತಮೂರು ತೋರಿಸುತ್ತಿತ್ತು, ನಿಧಾನವಾಗಿ ಇಳಿಯುತ್ತಿತ್ತು. ಸುತ್ತಲಿನವರು ಸೇರಿ ತೇರ್ಸ್ ಶುರುಮಾಡಿದ್ದರು. ಜಪಮಾಲೆಯ ಆ ಕೊಂಕಣಿ ಪ್ರಾರ್ಥನೆ ಗೇಟಿನವರೆಗೂ ಕೇಳುತ್ತಿತ್ತು.

ಬೆಳಿಗ್ಗೆ ಆಲ್ಬರ್ಟ್ ಪೊರ್ಬು ಖುಷಿಯಲ್ಲೇ ಫೋನು ಮಾಡಿದರು. "ಫಸ್ಟ್‌ಕ್ಲಾಸ್ ಉಂಟು ಮಾರಾಯ್ರೆ. ಕೆಂಪಿನದ್ದು ಆರು, ಇನ್ನೊಂದು ನಾಲ್ಕು."

ಕೆಂಪಿನದ್ದರಲ್ಲಿ ಎರಡು ಕಳೆದರೆ ಅದೂ ನಾಲ್ಕೇ. ಗಾಳಿಯೂ ನಾಲ್ಕು, ಮೈಯೂ ನಾಲ್ಕು. ಚಹಾದ ಲೋಟವನ್ನು ಕೆಳಗಿಟ್ಟೆ. ಅಷ್ಟು ದೊಡ್ಡ ಆಳು, ಜ್ವರದ ಮೈ, ಒಂದೇ ರಾತ್ರಿಯಲ್ಲಿ ಗಾಳಿಯಷ್ಟೇ ತಣ್ಣಗಾಗುವುದೆಂದರೆ ಅದು ನಡೆಯುವ ಮಾತಲ್ಲ. ಎರಡು ತಂತಿಗಳೂ ಒಂದೇ ಮಾತು ಹೇಳುತ್ತಿದ್ದರೆ ಎರಡೂ ಒಂದೇ ಜಾಗದಲ್ಲಿವೆ ಎಂದೇ ಅರ್ಥ.

"ಹಮೀದ್, ವ್ಯಾನು ತೆಗಿ," ಅಂದೆ.

ಜೆಪ್ಪುವಿನ ಆ ಮನೆಯ ಹಾಲಿಗೆ ಕಾಲಿಟ್ಟಾಗಲೇ ಗೊತ್ತಾಯಿತು. ಮೇಣದ ಬತ್ತಿ, ಮಲ್ಲಿಗೆ, ಸೆಂಟು, ಇವೆಲ್ಲದರ ಹಿಂದೆ ತೆಳ್ಳಗೆ ಆ ಇನ್ನೊಂದು ವಾಸನೆ. ಗಾಜಿನೊಳಗೆ ಮಾಸ್ಟ್ರ ಮೇಲೆ ಗಲ್ಲದವರೆಗೆ ಬಿಳಿ ಲೇಸಿನ ಬಟ್ಟೆ. ನಿನ್ನೆಗಿಂತ ಅವರು ದಪ್ಪ ಕಾಣುತ್ತಿದ್ದರು. ಮುಚ್ಚಳ ತೆಗೆಸಿ ಲೇಸನ್ನು ಎತ್ತಿದೆ. ಅಡಿಯಲ್ಲಿ ಕಂಬಳಿ ಇತ್ತು. ಗಲ್ಫಿನಿಂದ ಬರುವ, ನವಿರು ಕೂದಲಿನ, ದೊಡ್ಡ ದೊಡ್ಡ ಗುಲಾಬಿ ಹೂಗಳ ದಪ್ಪ ಕಂಬಳಿ. ಅರ್ಧ ಬೆನ್ನಿನಡಿಗೆ ಹಾಸಿ, ಅರ್ಧ ಮೇಲಿನಿಂದ ತಂದು, ಎರಡೂ ಬದಿ ಒತ್ತಿ ಒತ್ತಿ ಸೇರಿಸಿದ್ದರು. ಬಾಣಂತಿಕೋಣೆಯಲ್ಲಿ ಮಗುವನ್ನು ಹೀಗೆ ಸುತ್ತುತ್ತಾರೆ. ಆ ಗಡಿಬಿಡಿಯಲ್ಲಿ ಹೊರಬಂದ ನನ್ನ ತಂತಿಯನ್ನು ಯಾರೋ ಅಚ್ಚುಕಟ್ಟಾಗಿ ಸುರುಳಿ ಸುತ್ತಿ ಪೆಟ್ಟಿಗೆಯ ಮೂಲೆಯಲ್ಲಿಟ್ಟಿದ್ದರು.

ತಂತಿಯನ್ನು ಬಿಚ್ಚಿ ಕಂಬಳಿಯೊಳಗೆ ಬೆನ್ನಿನಡಿಗೆ ತೂರಿಸಿದೆ. ಮೀಟರಿನ ಅಂಕಿ ಏರತೊಡಗಿತು. ಹತ್ತು, ಹದಿನೇಳು, ಇಪ್ಪತ್ತಮೂರು. ಇಪ್ಪತ್ತೆಂಟರಲ್ಲಿ ನಿಂತಿತು. ಹೊರಗೆ ಸುರಿಯುವ ಮಳೆಗಿಂತ ಅವರು ಬೆಚ್ಚಗಿದ್ದರು.

"ಇದು ಯಾರು ಮಾಡಿದ್ದು?" ನನ್ನ ಸ್ವರ ಏರಿತ್ತು.

ಸಿಸಿಲಿ ಬಾಯಿ ಹತ್ತಿರ ಬಂದು ಕಂಬಳಿಯ ಅಂಚನ್ನು ಸರಿಮಾಡಿದರು. "ನಾನೇ. ನೆರೆಮನೆ ಹುಡುಗರ ಹತ್ರ ಅವರನ್ನು ಎತ್ತಿಸಿದೆ. ಎಂಟು ದಿನ ಚಳಿ ಚಳಿ ಅಂತಾನೇ ಇದ್ರು. ಎಷ್ಟು ಹೊದೆಸಿದ್ರೂ ಸಾಲ್ತಾ ಇರ್ಲಿಲ್ಲ. ಈಗ ಐಸಿನ ಪೆಟ್ಟಿಗೆಯಲ್ಲಿ ಬರೀ ಪಂಚೆಯಲ್ಲಿ ಹೇಗೆ ಬಿಡುದು, ನೀವೇ ಹೇಳಿ. ಮುಚ್ಚಳ ಒಂದೇ ಸಲ ತೆಗೆದದ್ದು, ಬೇಗ ಹಾಕಿದೆವು. ನೀವು ಹೇಳಿದ್ದು ನೆನಪಿತ್ತು."

ಮುಚ್ಚಳ ತೆಗೆಯಬೇಡಿ ಅಂದಿದ್ದೆ, ತಂತಿ ಎಳೆಯಬೇಡಿ ಅಂದಿದ್ದೆ. ಹೆಣಕ್ಕೆ ಕಂಬಳಿ ಹೊದೆಸಬೇಡಿ ಎಂದು ಯಾವ ಬಾಯಿಯಿಂದ ಹೇಳುವುದು, ಯಾರಿಗೆ ತಾನೇ ಹೊಳೆಯುತ್ತದೆ? ಆ ಮುದುಕಿಯ ಮುಖ ನೋಡಿ ನನ್ನ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು.

"ಬಾಯಿ, ಇದನ್ನು ತೆಗೀಬೇಕು," ಅಂದೆ.

"ಬೇಡ."

"ತೆಗೀದಿದ್ರೆ ಒಳಗಿನ ಬಿಸಿ ಹೊರಗೆ ಬರುದಿಲ್ಲ. ನೋಡಿ, ಇಪ್ಪತ್ತೆಂಟು ಉಂಟು."

"ಇಪ್ಪತ್ತೆಂಟು ಅಂದ್ರೆ ಒಳ್ಳೇದಲ್ವಾ?" ಎಂದು ಅವರು ಕೇಳಿದರು. ದೇರೆಬೈಲಿನಲ್ಲಿ ಬಂದಿದ್ದ ಧೈರ್ಯ ಅಲ್ಲಿಗೆ ಮುಗಿಯಿತು.

ಕೊನೆಗೆ ತೆಗೆದದ್ದು ಹಮೀದ್. "ಬಾಯಮ್ಮ, ನಾನು ಮಾಸ್ಟ್ರ ಹುಡುಗ. ನಾನು ಮಡಚಿ ಇಡ್ತೇನೆ, ಜೆಸಿಂತಾ ಬಂದ ಮೇಲೆ ಪುನಃ ಹೊದೆಸುವ," ಅಂದ. ಅವರು ಅವನ ಮಾತು ಕೇಳಿದರು. ಮಡಚಿದ ಕಂಬಳಿಯನ್ನು ಮಡಿಲಲ್ಲಿಟ್ಟುಕೊಂಡು ಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ ಕುಳಿತರು.

ಮಾಸ್ಟ್ರ ಹೊಟ್ಟೆಯ ಮೇಲೆ ಹಸಿರು ಏರಿತ್ತು, ಕತ್ತು ಊದಿತ್ತು. ಮುಖ ಇನ್ನೂ ಅವರದ್ದೇ ಆಗಿತ್ತು. ಆಲ್ಬರ್ಟ್ ಪೊರ್ಬು ನನ್ನನ್ನು ಜಗಲಿಗೆ ಕರೆದು ಇವತ್ತೇ ಮಣ್ಣು ಮಾಡುವ ಅಂದರು. ಒಳಗಿನಿಂದ ಬಾಯಿ ಅದನ್ನು ಕೇಳಿಸಿಕೊಂಡು, ಕುಳಿತಲ್ಲಿಂದಲೇ ಹೇಳಿದರು: "ಅವಳು ಬಾರದೆ ಯಾರಾದ್ರೂ ಅವರನ್ನು ಎತ್ತಿದ್ರೆ, ಅದೇ ಗುಂಡಿಗೆ ನನ್ನನ್ನೂ ಹಾಕಿ." ಅಲ್ಲಿಗೆ ಆ ಮಾತು ಬಿತ್ತು.

ನಾನೂ ಹಮೀದನೂ ದಕ್ಕೆಗೆ ಹೋಗಿ ಐಸಿನ ಪುಡಿ ತಂದೆವು. ಮಳೆಗಾಲಕ್ಕೆಂದು ಆಳಸಮುದ್ರದ ಬೋಟುಗಳನ್ನು ದಡದಲ್ಲಿ ಕಟ್ಟಿಹಾಕಿದ್ದ ಕಾಲ, ಐಸ್ ಕೇಳುವವರಿರಲಿಲ್ಲ. ಕೊಟ್ಟವನು, ಈ ಮಳೆಯಲ್ಲಿ ಎಂತ ಮೀನು ಸಿಕ್ಕಿತು ಮಾರಾಯ ಎಂದು ಕೇಳಿದ. ಹಮೀದ್ ಮುಖ ತಿರುಗಿಸಿದ. ಮೀನಿನ ವಾಸನೆ ತಟ್ಟದ ಹಾಗೆ ಎರಡೆರಡು ಚೀಲಕ್ಕೆ ತುಂಬಿ, ಮಾಸ್ಟ್ರ ಕಂಕುಳಿಗೆ, ಪಕ್ಕೆಗೆ, ಕತ್ತಿನ ಎರಡೂ ಬದಿಗೆ ಒತ್ತಿ ಇಟ್ಟೆವು. ಮಗನಂತೆ ಕೆಲಸ ಮಾಡಿದ ಹಮೀದ್. ಬೆನ್ನಿನ ತಂತಿಯನ್ನು ಈ ಸಲ ಅಂಟುಪಟ್ಟಿ ಹಾಕಿ ಚರ್ಮಕ್ಕೇ ಅಂಟಿಸಿದೆ.

ಆಮೇಲೆ ಕಾಯುವುದೊಂದೇ ಕೆಲಸ. ಸಿಸಿಲಿ ಬಾಯಿಗೆ ಮೀಟರು ಕೊಟ್ಟು ಓದುವುದನ್ನು ಹೇಳಿಕೊಟ್ಟೆ. ಇಪ್ಪತ್ತೇಳು, ಅನ್ನುತ್ತಿದ್ದರು. ತುಂಬ ಹೊತ್ತಿನ ಮೇಲೆ, ಇಪ್ಪತ್ತಾರು. ತೇರ್ಸಿನ ನಡುವೆಯೂ ಒಂದು ಕಣ್ಣು ಅದರ ಮೇಲೆ. ಅಂಕಿ ಇಳಿದ ಹಾಗೆ ನನ್ನ ಉಸಿರು ಹಗುರಾಗುತ್ತಿತ್ತು, ಅವರ ಕೈ ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿತ್ತು. ಒಂದೇ ಮೀಟರನ್ನು ಇಬ್ಬರು ಹೀಗೆ ಓದಬಹುದೆಂದು ನನಗೆ ಗೊತ್ತಿರಲಿಲ್ಲ.

ಜೆಸಿಂತಾ ಬರಬೇಕಿದ್ದ ವಿಮಾನ ಬಜಪೆಯ ಮೇಲೆ ಸುತ್ತು ಹಾಕಿ, ಮೋಡದಲ್ಲಿ ಇಳಿಯಲಾಗದೆ, ಕೊಚ್ಚಿಗೆ ಹೋಯಿತು. ಬಾಯಿಯ ಮನೆಯ ಮೇಲೆಯೇ ಅದರ ಸದ್ದು ಕೇಳಿಸಿತ್ತೆಂದು ಆಲ್ಬರ್ಟ್ ಹೇಳಿದರು. ಇರಬಹುದು, ಇಲ್ಲದೆಯೂ ಇರಬಹುದು. ಅಲ್ಲಿಂದ ಕಾರು ಮಾಡಿಕೊಂಡು, ದಾರಿಯುದ್ದಕ್ಕೂ ನೀರು ನಿಂತ ರಸ್ತೆಯಲ್ಲಿ, ಮಾರನೆಯ ದಿನ ಮಧ್ಯಾಹ್ನ ಅವಳು ಗೇಟಿನಲ್ಲಿ ಇಳಿದಳು. ಆಗ ಮೀಟರು ಹದಿನಾಲ್ಕು ತೋರಿಸುತ್ತಿತ್ತು. ಅದು ಮೊದಲ ದಿನವೇ ಇಳಿಯಬೇಕಿದ್ದ ಅಂಕಿ. ಅಷ್ಟರಲ್ಲಿ ಕೆಡುಕು ಮುಖಕ್ಕೆ ಏರಿಯಾಗಿತ್ತು. ತುಟಿ ಬಾತು, ಕೆನ್ನೆ ಕಪ್ಪಿಟ್ಟು, ಹಮೀದ್ ತನ್ನ ಬಿಳಿ ಕರವಸ್ತ್ರವನ್ನು ಮಾಸ್ಟ್ರ ಮುಖದ ಮೇಲೆ ಹಾಸಿದ್ದ. ಸಿಸಿಲಿ ಬಾಯಿಗೆ ಕೂಡ ಆ ಬೆಳಿಗ್ಗೆಯಿಂದ ಮುಖ ತೋರಿಸಿರಲಿಲ್ಲ.

ಜೆಸಿಂತಾ ನರ್ಸು. ಒಳಗೆ ಬಂದವಳೇ ಮೂಗಿನಲ್ಲಿ ಒಮ್ಮೆ ಉಸಿರೆಳೆದಳು, ಅವಳಿಗೆ ಅಷ್ಟು ಸಾಕಾಯಿತು. ಎಲ್ಲರನ್ನೂ ಹೊರಗೆ ಕಳಿಸಿ ಕರವಸ್ತ್ರದ ಮೂಲೆ ಎತ್ತಿ ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಅಪ್ಪನ ಕೈಯನ್ನು ಹುಡುಕಿ ತೆಗೆದು, ಅದಕ್ಕೆ ಮುತ್ತು ಕೊಟ್ಟು, ಕರವಸ್ತ್ರವನ್ನು ಸರಿಯಾಗಿ ಮುಚ್ಚಿದಳು. ನಾನು ತಂತಿ ಬಿಚ್ಚಲು ಅಲ್ಲೇ ನಿಂತಿದ್ದೆ.

"ಮೊನ್ನೆಯಿಂದ ಪೆಟ್ಟಿಗೆಯಲ್ಲಿದ್ರು ಅಲ್ವಾ? ಹೀಗೆ ಆಗ್ಬಾರ್ದಿತ್ತು," ಅಂದಳು. ಅವಳ ಸ್ವರದಲ್ಲಿ ಜಗಳ ಇರಲಿಲ್ಲ.

ನಾನು ಬಾಗಿಲ ಕಡೆ ನೋಡಿದೆ. ಹೊರಗೆ ಸಿಸಿಲಿ ಬಾಯಿ ಕಂಬಳಿಯನ್ನು ಎದೆಗೊತ್ತಿ ಹಿಡಿದು ನಿಂತಿದ್ದರು. ಜೆಸಿಂತಾಳೂ ನೋಡಿದಳು. ಅವಳಿಗೆ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಅವಳ ಕಣ್ಣು ತುಂಬಿದ್ದು ಆಗಲೇ, ಅಪ್ಪನ ಮುಖ ನೋಡಿದಾಗಲ್ಲ.

"ಅದು ನಾನು ಮೊದಲ ಸಂಬಳದಲ್ಲಿ ಕಳಿಸಿದ್ದು," ಅಂದಳು. ಆಮೇಲೆ ಕೇಳಿದಳು, "ಮಮ್ಮಿಗೆ ಹೇಳಿದ್ರಾ?"

"ಇಲ್ಲ."

"ಹೇಳ್ಬೇಡಿ. ಯಾರಿಗೂ ಹೇಳ್ಬೇಡಿ. ಪ್ಲೀಸ್."

ತಾಯಿಯ ಹತ್ತಿರ ಹೋಗಿ, ಪಪ್ಪ ನಿದ್ದೆ ಮಾಡಿದ ಹಾಗೆ ಇದ್ದಾರೆ ಮಮ್ಮಿ ಎಂದು ಕೊಂಕಣಿಯಲ್ಲಿ ಹೇಳಿದಳು. ಆದರೆ ಸಿಸಿಲಿ ಬಾಯಿ ಗಂಡನ ಮುಖ ನೋಡದೆ ಬಿಡಲಿಲ್ಲ. ಶವಪೆಟ್ಟಿಗೆ ಮುಚ್ಚುವ ಮೊದಲು ಕರವಸ್ತ್ರ ಸರಿಸಿ ನೋಡಿದರು. ಅವರು ಅತ್ತದ್ದು ನನಗೆ ಕೇಳಿಸಲಿಲ್ಲ. ಇಗರ್ಜಿಯ ಗಂಟೆ ಮತ್ತು ಮಳೆ, ಎರಡೇ ಕೇಳಿಸುತ್ತಿದ್ದವು.

ಆಲ್ಬರ್ಟ್ ಪೊರ್ಬು ಬಿಡುವ ಗಿರಾಕಿಯಲ್ಲ. ಕುದ್ರೋಳಿಯವರ ಪೆಟ್ಟಿಗೆ ಕೆಟ್ಟದ್ದು, ಆಟದ ಸಾಮಾನಿನಂಥ ತಂತಿ ಹಾಕಿ ಜನರಿಗೆ ಟೋಪಿ ಹಾಕುತ್ತಾರೆ ಎಂದು ಜೆಪ್ಪುವಿನಿಂದ ಪಕ್ಕದ ವೆಲೆನ್ಸಿಯಾದವರೆಗೆ ಸಾರಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಆ ಮಳೆಗಾಲ ಮುಗಿಯುವವರೆಗೂ ಆ ಕಡೆಯಿಂದ ನಮಗೆ ಒಂದು ಫೋನೂ ಬರಲಿಲ್ಲ. ನಮ್ಮವರು ಊರುಗೋಲು ಕುಟ್ಟಿ ಕೇಳಿದರು, "ಇದ್ದದ್ದನ್ನು ಇದ್ದ ಹಾಗೆ ಹೇಳ್ಲಿಕ್ಕೆ ನಿನಗೆ ಎಂತ ಕಷ್ಟ?" ಕಷ್ಟವೇ. ಗಂಡನ ಮುಖ ಕೆಡಿಸಿದ್ದು ನೀವು ಹೊದೆಸಿದ ಕಂಬಳಿ ಎಂದು ಆ ಹೆಂಗಸಿಗೆ ಹೇಳಿ ನಾನು ಯಾವ ಬಾಡಿಗೆ ಗಿಟ್ಟಿಸಲಿ? ಹಮೀದನೂ ಬಾಯಿ ಬಿಡಲಿಲ್ಲ.

ಮಾಸ್ಟ್ರು ತೀರಿ ತಿಂಗಳಾದದ್ದಕ್ಕೆ ಇಗರ್ಜಿಯಲ್ಲಿ ಮಾಡಿಸುವ ಪೂಜೆ ಮುಗಿದ ಮೇಲೆ, ಇನ್ನೂ ಮಳೆ ಹನಿಯುತ್ತಿರುವಾಗ, ಅಂಗಡಿಯ ಎದುರು ಆಟೋ ನಿಂತಿತು. ಸಿಸಿಲಿ ಬಾಯಿ ಇಳಿದರು, ಒಬ್ಬರೇ. ಕೈಯಲ್ಲಿ ದೊಡ್ಡ ಪ್ಲಾಸ್ಟಿಕ್ ಚೀಲ. ಜಗಳಕ್ಕೆ ಬಂದಿದ್ದಾರೆ ಎಂದುಕೊಂಡು ನಾನು ಎದ್ದು ನಿಂತೆ. ಬಂದದ್ದು ಜಗಳಕ್ಕಲ್ಲ. ಬೆಂಚಿನ ಮೇಲೆ ಕುಳಿತು, ಉಸಿರು ಸುಧಾರಿಸಿಕೊಂಡು, ಚೀಲವನ್ನು ನನ್ನ ಕಡೆ ಸರಿಸಿದರು.

"ಆಲ್ಬರ್ಟ್ ಹೇಳಿದ್ದು ಮನಸ್ಸಿಗೆ ಹಚ್ಕೊಳ್ಬೇಡಿ. ನಿಮ್ಮ ಪೆಟ್ಟಿಗೆ ಒಳ್ಳೇದೇ. ಬರೀ ಚಳಿ ಜಾಸ್ತಿ. ಬ್ಲಾಂಕೆಟ್ ತೆಗೆದ ಮೇಲೆ ಅವರಿಗೆ ಚಳಿ ತಡೀಲಿಕ್ಕಾಗ್ಲಿಲ್ಲ, ಮುಖ ಎಲ್ಲ ಕಪ್ಪಾಯ್ತು. ನಾನೇ ಓದ್ತಾ ಇದ್ದೆನಲ್ಲ, ಇಳೀತಾ ಇಳೀತಾ ಹೋಯ್ತು. ನಿಮಗೆ ಗೊತ್ತಾಗ್ಲಿಲ್ಲ ಪಾಪ, ನಿಮ್ಮದು ತಪ್ಪಲ್ಲ."

ನಾನು ಗೋಡೆಯ ಮೇಲೆ ತೂಗುಬಿಟ್ಟ ತಂತಿಗಳನ್ನು ನೋಡುತ್ತಾ ನಿಂತೆ. ಒಳಗೆ ನಮ್ಮವರ ಊರುಗೋಲಿನ ಸದ್ದು ನಿಂತಿತ್ತು. ಅವರೂ ಕೇಳಿಸಿಕೊಳ್ಳುತ್ತಿದ್ದರು.

"ತೊಳೆದು ತಂದಿದ್ದೇನೆ," ಅಂದರು ಬಾಯಿ. "ಇದು ನಿಮ್ಮ ಪೆಟ್ಟಿಗೆಯಲ್ಲೇ ಇರ್ಲಿ. ಇನ್ನು ಮಲಗುವವರಿಗಾದ್ರೂ ಹೊದೆಸಿ. ಹೊದೆಸ್ತೀರಲ್ಲ?"

"ಹೊದೆಸ್ತೇನೆ ಬಾಯಿ," ಅಂದೆ.

ಅವರು ಚೀಲದೊಳಗೆ ಕೈ ಹಾಕಿ ಗುಲಾಬಿ ಹೂಗಳನ್ನು ಒಮ್ಮೆ ಸವರಿದರು. ಕಂಬಳಿ ಇನ್ನೂ ಒಣಗಿರಲಿಲ್ಲ.